ಅಮ್ಮನ ಎರಡನೆಯ ದನಿ

ಮಿಲ್ಲಿನಿಂದ ಆಗತಾನೆ ಹೊರಬಂದ ರಾಗಿ ಹಿಟ್ಟಿಗೆ ಒಂದು ಬಿಸಿ ಇರುತ್ತದೆ. ಡಬ್ಬದ ಮುಚ್ಚಳ ತೆಗೆದರೆ ಆ ಬಿಸಿಯ ಜೊತೆಗೇ ಒಂದು ವಾಸನೆ ಮೇಲೇಳುತ್ತದೆ. ಸ್ವಲ್ಪ ಮಣ್ಣಿನದು, ಸ್ವಲ್ಪ ಹುರಿದ ಕಾಳಿನದು, ಸ್ವಲ್ಪ ಕಾದ ಕಲ್ಲಿನದು. ಮೊನ್ನೆ ಕೆಂಪಾಪುರದ ಅಡ್ಡರಸ್ತೆಯೊಂದರಲ್ಲಿ, ಬೇಕರಿಗೂ ಮೊಬೈಲ್ ಅಂಗಡಿಗೂ ನಡುವೆ ಹೇಗೋ ಉಳಿದುಕೊಂಡಿರುವ ಒಂದು ಹಿಟ್ಟಿನ ಮಿಲ್ಲಿನ ಮುಂದೆ ಹಾದುಹೋಗುವಾಗ ಆ ವಾಸನೆ ಬಂತು. ನಾನು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದ ಸ್ಕೂಟರಿನವನು, "ಏನ್ ಗುರು, ರೋಡು ನಿಮ್ಮಪ್ಪಂದಾ?" ಎಂದು ಬೈದು ಹೋದ. ರಸ್ತೆ ನಮ್ಮಪ್ಪನದಲ್ಲ. ಆದರೆ ಅಂಥದ್ದೇ ಒಂದು ಮಿಲ್ಲು ನಮ್ಮಪ್ಪನದಾಗಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ಯಶವಂತಪುರದ ರೈಲು ಹಳಿಗೆ ಬೆನ್ನು ಹಾಕಿ ನಿಂತಿದ್ದ ಒಂದು ಓಣಿಯಲ್ಲಿ. ಆ ಜಾಗದಲ್ಲಿ ಈಗ ಏನಿದೆ ಎಂದು ಹುಡುಕಿಕೊಂಡು ಹೋಗಿ, ಓಣಿಯನ್ನೇ ಗುರುತಿಸಲಾರದೆ ವಾಪಸು ಬಂದಿದ್ದೇನೆ. ನಿಮಗೂ ಇಂಥದೊಂದು ಓಣಿ ಇರಬಹುದು.

ಮುಂದೆ ಮಿಲ್ಲು, ಹಿಂದೆ ಮನೆ, ನಡುವೆ ಒಂದೇ ಗೋಡೆ. ಮಿಷನ್ನಿನ ಬೆಲ್ಟು ತಿರುಗುವಾಗ ಗೂಡಿನಲ್ಲಿಟ್ಟ ಲೋಟಗಳೂ ಅದರ ಜೊತೆ ಅಲುಗುತ್ತಿದ್ದವು. ದೇವರ ಪಟದ ಮೇಲೆ, ಅಪ್ಪನ ಹುಬ್ಬಿನ ಮೇಲೆ, ನನ್ನ ಸ್ಲೇಟಿನ ಮೇಲೆ ತೆಳ್ಳಗೆ ಹಿಟ್ಟು. ಜಗಲಿಯ ಮೇಲೆ, ಗೋಡೆಗೆ ಒರಗಿ ಅಪ್ಪನ ತಾಯಿ, ನನ್ನಜ್ಜಿ, ಮಡಿಲಲ್ಲಿ ಮೊರ ಇಟ್ಟುಕೊಂಡು ರಾಗಿಯಲ್ಲಿನ ಕಲ್ಲು ಆರಿಸುತ್ತಿದ್ದಳು. ಅವಳ ಸುತ್ತ ಗುಬ್ಬಿಗಳು ಕಿಚಿಗುಡುತ್ತಾ ಹತ್ತಿರ ಹತ್ತಿರ ಬಂದು ಮೊರದ ಅಂಚಿಗೇ ಕೊಕ್ಕು ಹಾಕುತ್ತಿದ್ದವು. ಅಜ್ಜಿ ತಲೆ ಎತ್ತುತ್ತಿರಲಿಲ್ಲ. ಆದರೆ ದೂರದಲ್ಲಿ ಗೂಡ್ಸ್ ಗಾಡಿ ಗುಡುಗುಡು ಎಂದರೆ, ನಮಗೆ ಕೇಳಿಸುವುದಕ್ಕೂ ಮೊದಲೇ, "ಗಾಡಿ ಬತ್ತಾ ಐತೆ" ಎನ್ನುತ್ತಿದ್ದಳು. ಇಲ್ಲೇ ನನ್ನ ಅನುಮಾನ ಶುರುವಾಗುತ್ತದೆ. ಗುಬ್ಬಿಗಳನ್ನು ನಾನು ನಿಜವಾಗಿ ಕಂಡೆನೋ, ಆಮೇಲೆ ಓದಿಕೊಂಡದ್ದಕ್ಕೆ ಹೊಂದಲಿ ಎಂದು ಅಲ್ಲಿ ತಂದು ಕೂರಿಸಿದೆನೋ? ವಿಶ್ವವಿದ್ಯಾಲಯದಲ್ಲಿ ಕಲಿತು ಎಲ್ಲದಕ್ಕೂ ಸಾಕ್ಷಿ ಕೇಳುವ ಚಟ ಹತ್ತಿಸಿಕೊಂಡವನು ನಾನು. ನನ್ನ ನೆನಪನ್ನೂ ಬಿಡುವುದಿಲ್ಲ.

ಗುಬ್ಬಿಯ ಮಾತು ಹಾಗಿರಲಿ, ಅಮ್ಮನ ಮಾತು ಅಜ್ಜಿಗೆ ಕೇಳುತ್ತಿರಲಿಲ್ಲ ಎನ್ನುವುದಂತೂ ಖಂಡಿತ. ಅದಕ್ಕಾಗಿ ಮನೆ ಒಡೆಯುವುದರಲ್ಲಿತ್ತು. "ಅತ್ತೆ, ಕಾಫಿ ಆರೋಗ್ತದೆ, ತಗೊಳ್ಳಿ" ಎಂದು ಅಮ್ಮ ಬೆನ್ನ ಹಿಂದೆ ಲೋಟ ಹಿಡಿದು ನಿಂತಿದ್ದರೆ ಅಜ್ಜಿಯ ಬೆರಳು ರಾಗಿಯಲ್ಲಿ ಆಡುತ್ತಲೇ ಇರುತ್ತಿತ್ತು. ಮಿಲ್ಲಿನ ಬಾಗಿಲಿನಿಂದ ಅಪ್ಪ ಮೆತ್ತಗೆ "ಅವ್ವಾ" ಎಂದರೆ ಸಾಕು, "ಏನ್ಲಾ?" ಎಂದು ತಿರುಗುತ್ತಿದ್ದಳು. ಅಪ್ಪ ಹೋಗಲಿ, ಮಗ. ಪಕ್ಕದ ಮನೆಯ ಖೈರುನ್ನೀಸಾ, ನಾವೆಲ್ಲ ಬೂಬಮ್ಮ ಎನ್ನುತ್ತಿದ್ದವರು, ತಮ್ಮ ಹಿತ್ತಲಿನಿಂದ "ಏನ್ ಅಜ್ಜಿ, ಊಟ ಆಯ್ತಾ?" ಎಂದರೆ ಅಜ್ಜಿ ಗೋಡೆಯಾಚೆಗೇ ಉತ್ತರ ಕೊಡುತ್ತಿದ್ದಳು. ಬೂಬಮ್ಮನದು ದಪ್ಪ ದನಿ. ಕಾಯಿಪಲ್ಯದ ಗಾಡಿಯವನು ಒಮ್ಮೆ ಬಾಗಿಲ ಹಿಂದಿನಿಂದ ಅದನ್ನು ಕೇಳಿ "ಅಣ್ಣಾ" ಎಂದು ಕರೆದು ಬೈಸಿಕೊಂಡಿದ್ದ. ಅಮ್ಮ ತುಮಕೂರಿನ ಕಡೆಯವಳು. ಹೆಸರು ಜಯ, ಎಸ್ಸೆಸ್ಸೆಲ್ಸಿ ಪಾಸಾದವಳು, ತೆಳು ದನಿಯವಳು. ಕೇಳಿಸಲಿ ಎಂದು ಕೂಗಿದರೆ ಆ ದನಿ ಇನ್ನೂ ತೆಳುವಾಗಿ ಮೇಲಕ್ಕೆ ಹೋಗುತ್ತಿತ್ತು; ಅಜ್ಜಿ ಸುಮ್ಮನೆ ಅವಳ ಮುಖ ನೋಡಿ ಮತ್ತೆ ಮೊರದ ಕಡೆ ಬಗ್ಗುತ್ತಿದ್ದಳು.

"ನಿಮ್ಮಮ್ಮಂಗೆ ಕಿವಿ ಚೆನ್ನಾಗೇ ಐತೆ ಕಣ್ರೀ. ಊರೋರ್ ಮಾತೆಲ್ಲ ಕೇಳ್ತದೆ. ನನ್ನ ಮಾತಿಗ್ ಮಾತ್ರ ಬಾಗ್ಲು ಹಾಕ್ಕೊಂಡವ್ರೆ."

"ವಯಸ್ಸಾಯ್ತಲ್ಲ, ಬಿಡು ಜಯಾ."

"ವಯಸ್ಸಾಗಿರೋದು ನನ್ನೊಬ್ಬಳ ಮಾತಿಗಾ?"

ಇಂಥ ಮಾತು ಬಂದಾಗಲೆಲ್ಲ ಅಪ್ಪ ಎದ್ದು ಹೋಗಿ, ಜಾರದಿರಲಿ ಎಂದು ಮಿಷನ್ನಿನ ಬೆಲ್ಟಿಗೆ ಮೇಣ ಹಚ್ಚುತ್ತಿದ್ದ. ಆ ವರ್ಷ ಬೆಲ್ಟಿಗೆ ಬೇಕಾದ್ದಕ್ಕಿಂತ ಜಾಸ್ತಿ ಮೇಣ ಹತ್ತಿರಬೇಕು. ಕೊನೆಗೆ ಅಮ್ಮ, ಬೇರೆ ಮನೆ ಮಾಡೋಣ ಎಂದಳು. ಅತ್ತೆ ಮಿಲ್ಲಿನ ಹಿಂದೆಯೇ ಇರಲಿ, ನೀವು ಹಗಲೆಲ್ಲ ಇಲ್ಲೇ ಇರ್ತೀರಲ್ಲ, ನನ್ನನ್ನೂ ಮಗುವನ್ನೂ ಬೇರೆ ಕಡೆ ಇಡಿ ಎಂದಳು. ಆರ್.ಟಿ. ನಗರದಲ್ಲಿ ಬಾಡಿಗೆ ಮನೆಯೊಂದು ಖಾಲಿ ಇದೆ ಎಂದು ಯಾರೋ ಹೇಳಿದ್ದರು. ಒಂದು ದಿನ ಬೆಳಿಗ್ಗೆ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಅದನ್ನು ನೋಡಲು ಹೊರಟ. ಅಜ್ಜಿಗೆ ಎಲ್ಲಿಗೆಂದು ಹೇಳಲಿಲ್ಲ. ಮಿಲ್ಲಿಗೆ ಅಮ್ಮನೇ ನಿಂತಳು.

ಅವತ್ತು ಮದುವೆ ಮನೆಯೊಂದರಿಂದ ಹುರಿದ ಮೆಣಸಿನಕಾಯಿ ಬಂತು, ಡಬ್ಬದ ಮೇಲೆ ಡಬ್ಬ. ಖಾರದ ಮಿಷನ್ನಿಗೆ ಹಾಕುವಾಗ ಅಪ್ಪ ಮೂಗಿಗೆ, ಬಾಯಿಗೆ ಒದ್ದೆ ಟವೆಲ್ಲು ಸುತ್ತಿಕೊಳ್ಳುತ್ತಿದ್ದ. ಅಮ್ಮ ಸೆರಗನ್ನಷ್ಟೇ ಒತ್ತಿ ಹಿಡಿದಳು. ಓಣಿಯೆಲ್ಲ ಸೀನಿತು. ಮಧ್ಯಾಹ್ನದ ಹೊತ್ತಿಗೆ ಅಮ್ಮನ ಗಂಟಲು ಕಟ್ಟಿ, ದನಿ ಎದೆಯಾಳದಿಂದ ಗೊರಗೊರ ಎಂದು ಬರತೊಡಗಿತು. ಬೂಬಮ್ಮ ಬಂದು ನಕ್ಕರು: "ಅರೇ ಜಯಮ್ಮ, ನಿಮ್ದು ಗಂಟ್ಲು ನಮ್ದು ತರಾನೇ ಆಗೋಯ್ತಲ್ಲ!"

ಸಂಜೆ ಮಿಲ್ಲು ನಿಂತ ಮೇಲೆ ಅಮ್ಮ ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಅಜ್ಜಿ ಜಗಲಿಯಲ್ಲಿದ್ದಳು. ನಾನು ಇಬ್ಬರೂ ಕಾಣುವ ಹಾಗೆ ಹೊಸ್ತಿಲ ಮೇಲೆ ಕೂತಿದ್ದೆ, ಅಥವಾ ಹಾಗೆ ಕೂತಿದ್ದೆನೆಂದು ಈಗ ನಂಬಿದ್ದೇನೆ. ಒಲೆಯ ಕಡೆ ಮುಖ ಮಾಡಿಕೊಂಡೇ, ಉತ್ತರದ ನಿರೀಕ್ಷೆಯಿಲ್ಲದೆ, ಬರೀ ಅಭ್ಯಾಸಕ್ಕೆ ಅಮ್ಮ ಅಂದಳು: "ಅತ್ತೆ, ಬನ್ನಿ, ಮುದ್ದೆ ಆಯ್ತು."

"ಬಂದೆ ಕಣವ್ವ, ಇದೊಂದ್ ಇಡಿ ಮುಗುಸ್ಬುಟ್ಟು."

ಮುದ್ದೆ ಕೋಲು ಅಮ್ಮನ ಕೈಯಲ್ಲಿ ನಿಂತುಹೋಯಿತು. ಪಾತ್ರೆಯಿಂದ ಆವಿ ಅವಳ ಮುಖಕ್ಕೆ ಏರುತ್ತಿತ್ತು. ಇನ್ನೂ ಮೆಲ್ಲಗೆ, ಗೋಡೆಗೆ ಹೇಳಿದ ಹಾಗೆ, "ಸೊಪ್ಪಿನ ಸಾರು ಮಾಡಿದೀನಿ" ಎಂದಳು.

"ಉಪ್ ಸರ್ಯಾಗ್ ಆಕಿದ್ಯಾ? ಮೊನ್ನೆ ಸಪ್ಪಗಿತ್ತು."

ಎಷ್ಟೋ ಕಾಲದ ಮೇಲೆ ಅತ್ತೆ ಸೊಸೆಗೆ ಕೊಟ್ಟ ಸರಿಯಾದ ಉತ್ತರ ಅದು; ಅದರಲ್ಲೂ ಒಂದು ದೂರು. ಅಮ್ಮ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ, ಮೆಣಸಿನ ಘಾಟಿಗೆ ಕಣ್ಣು ಬೆಳಿಗ್ಗೆಯಿಂದಲೂ ಕೆಂಪಾಗಿಯೇ ಇತ್ತು. ಅಪ್ಪ ಬಂದವನು ಉತ್ಸಾಹ ತಂದುಕೊಂಡು, "ಮನೆ ಚೆನ್ನಾಗೈತೆ ಜಯಾ, ನಲ್ಲಿ ಒಳಗೇ ಐತೆ" ಎಂದ. ಅಮ್ಮ ಆ ಗೊಗ್ಗರು ದನಿಯಲ್ಲಿ, "ಈಗ್ಲೇ ಬೇಡ, ತಡೀರಿ" ಎಂದಳು. ಅಪ್ಪ ಅವಳನ್ನೂ ನನ್ನನ್ನೂ ನೋಡಿ, ಏನೂ ಅರ್ಥವಾಗದೆ, ಆ ರಾತ್ರಿಯೂ ಬೆಲ್ಟಿಗೆ ಮೇಣ ಹಚ್ಚಲು ಹೋದ.

ಮಾರನೆಯ ದಿನವೋ ಅದರ ಮಾರನೆಯ ದಿನವೋ, ಬೂಬಮ್ಮ ಜಗಲಿಗೆ ಬಂದು ಕೂತರು. ಕಿವಿ ಮಂದವಾದವರಿಗೆ ತಮ್ಮ ಗುಟ್ಟು ಎಷ್ಟು ದೂರ ಕೇಳುತ್ತದೆಂದು ತಿಳಿಯುವುದಿಲ್ಲ. ಅಜ್ಜಿ ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಓಣಿಗೆಲ್ಲ ಕೇಳುವಂತೆ ಹೇಳಿದಳು: "ಬೂಬಮ್ಮ, ನಮ್ ಜಯ ಈಗ ನನ್ ಜೊತೆ ಮಾತಾಡ್ತಾಳೆ ಕಣವ್ವ. ಮೊದ್ಲು ಚೆನ್ನಾಗೇ ಇದ್ಲು. ಆಮೇಲ್ ಏನಾಯ್ತೋ, ನನ್ ಮುಂದ್ ಬಂದು ಬರೀ ಬಾಯಾಡ್ಸೋಳು. ಮೊಖ ಗಂಟಾಕ್ಕೊಳೋಳು. ಒಂದ್ ಮಾತೂ ಆಚೆಗ್ ಬಿಡ್ತಿರ್ನಿಲ್ಲ. ಓದಿರೋಳು, ನನ್ನಂತೋಳ್ ತಾವ ಏನ್ ಮಾತು ಅಂತ ನಾನೂ ಸುಮ್ಕಾದೆ."

ಅಮ್ಮ ಬಾಗಿಲ ಒಳಗೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಬೂಬಮ್ಮನ ಕಣ್ಣು ಅವಳ ಮೇಲೆ ಬಿತ್ತು. ಇಲ್ಲ ಅತ್ತೆ, ಇಷ್ಟು ವರ್ಷವೂ ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದೆ ಎಂದು ಅಮ್ಮ ಹೇಳಬಹುದಿತ್ತು. ಆ ಮನೆಯಲ್ಲಿ ಗೆಲ್ಲಬಹುದಾದ ಒಂದೇ ಒಂದು ಜಗಳ ಅವಳ ಕೈಯಲ್ಲಿತ್ತು. ಅವಳು ಹೊಸ್ತಿಲು ದಾಟಿ ಬಂದು, "ತಗೊಳ್ಳಿ ಅತ್ತೆ, ಬಿಸಿ ಐತೆ" ಎಂದು ಲೋಟ ಕೊಟ್ಟಳು, ಅಷ್ಟೆ. ಅಜ್ಜಿ ಸತ್ತ ದಿನದವರೆಗೂ ಆ ಮಾತನ್ನು ಅಮ್ಮ ತಿದ್ದಲಿಲ್ಲ.

ವಯಸ್ಸಾದಂತೆ ಕಿವಿಯಿಂದ ಮೊದಲು ಜಾರಿಹೋಗುವುದು ತೆಳು ದನಿಗಳು, ಹೆಂಗಸರದು, ಮಕ್ಕಳದು, ಹಕ್ಕಿಗಳದು. ದಪ್ಪ ದನಿಗಳು ಇನ್ನೂ ಬಹಳ ಕಾಲ ಉಳಿದಿರುತ್ತವೆ. ಕೂಗಿದರೆ ದನಿ ಮತ್ತೂ ತೆಳುವಾಗುತ್ತದೆ, ಕೇಳುವವರಿಗೆ ಮುಖದ ಸಿಟ್ಟೊಂದೇ ತಲುಪುತ್ತದೆ. ಇದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ನಂತರ. ಅಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದುದು ಒಂದೇ: ಗಂಟಲು ಕೆಟ್ಟಾಗ ಅತ್ತೆ ಸಿಕ್ಕಿದ್ದರು. ಹಾಗಾಗಿ ಬೂಬಮ್ಮ ಮೆಣಸು ಜೀರಿಗೆ ಕಷಾಯ ತಂದಾಗ ಅವಳು, "ಬೇಡ ಬೂಬಮ್ಮ, ವಾಸಿ ಆಗ್ಬಿಟ್ರೆ?" ಎಂದಳು.

"ಅರೆ, ವಾಸಿ ಆಗ್ಲಿ ಅಂತಾನೇ ಅಲ್ವಾ ತಂದಿರೋದು!"

ಕಷಾಯ ಕುಡಿಯದಿದ್ದರೂ ಗಂಟಲು ವಾಸಿಯಾಯಿತು. ಒಂದು ಬೆಳಿಗ್ಗೆ ಅಮ್ಮ ತನ್ನ ತಿಳಿ ದನಿಯಲ್ಲಿ "ಅತ್ತೆ" ಎಂದಳು; ಅಜ್ಜಿ ತಿರುಗಲಿಲ್ಲ. ಅಮ್ಮ ಅಲ್ಲೇ ಒರಳಿನ ಮೇಲೆ ಕೂತುಬಿಟ್ಟಳು. ನನಗೆ ಭಯವಾಯಿತು. ಆಮೇಲೆ ಅವಳು ಗದ್ದವನ್ನು ಕೆಳಗೆ ಒತ್ತಿ, ಎದೆಯಿಂದ, ಬೂಬಮ್ಮನ ಹಾಗೆ ಮತ್ತೊಮ್ಮೆ ಕರೆದಳು. ನಾಚಿಕೆಯಿಂದ ಅವಳ ಕಿವಿ ಕೆಂಪಾಗಿತ್ತು. "ಆ? ಏನವ್ವ?" ಎಂದಳು ಅಜ್ಜಿ. ಆರ್.ಟಿ. ನಗರದ ಮನೆಯ ಮಾತು ಮತ್ತೆ ನಮ್ಮಲ್ಲಿ ಬರಲಿಲ್ಲ.

ಆ ದಪ್ಪ ದನಿಗೆ ನಾನು ಋಣಿ. ಅಜ್ಜಿ ಆಮೇಲೂ ಹಲವು ವರ್ಷ ಬದುಕಿದಳು. ಕರೆಂಟು ಹೋಗಿ ಮಿಲ್ಲು ನಿಂತ ಮಧ್ಯಾಹ್ನಗಳಲ್ಲಿ ಅತ್ತೆ ಸೊಸೆ ಎದುರುಬದುರು ಕೂತು ಒಂದೇ ಮೊರದಲ್ಲಿ ಕಲ್ಲು ಆರಿಸುತ್ತಿದ್ದರು. ಅಮ್ಮ ಕೇಳುತ್ತಿದ್ದಳು, ಅಜ್ಜಿ ಹೇಳುತ್ತಿದ್ದಳು: ಮಿಲ್ಲು ಬರುವ ಮೊದಲು ಅವಳು ಬೀಸುವ ಕಲ್ಲಿನಲ್ಲಿ ಊರವರ ರಾಗಿ ಬೀಸುತ್ತಿದ್ದುದು, ತಾತ ಗೊರಗುಂಟೆಪಾಳ್ಯದಿಂದ ತಲೆಯ ಮೇಲೆ ಆ ಬೀಸುವ ಕಲ್ಲನ್ನು ಹೊತ್ತು ತಂದದ್ದು, ಅಪ್ಪನಿಗಿಂತ ಮೊದಲು ಹುಟ್ಟಿ ಉಳಿಯದೆ ಹೋದ ಹೆಣ್ಣುಮಗುವಿನ ಕೂದಲು ಎಷ್ಟು ಗುಂಗುರಾಗಿತ್ತು ಎನ್ನುವುದು. ಅಪ್ಪನೂ ಅರಿಯದ ಸಂಗತಿಗಳು ಅವು. ನನ್ನ ಮನೆತನದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಆ ಮೊರದ ಸುತ್ತ ಸಿಕ್ಕಿದ್ದು. ಎಂಬತ್ತರ ದಶಕದ ನಡುವೆ ಅಜ್ಜಿ ಹೋದಳು. ಕೊನೆಯ ದಿನಗಳಲ್ಲಿ ಅಪ್ಪನ ಮಾತೂ ಅವಳಿಗೆ ಅಷ್ಟಕ್ಕಷ್ಟೆ, ಅಮ್ಮ ಕಿವಿಯ ಬಳಿ ಬಗ್ಗಿ ಮಾತಾಡಿದರೆ ಮಾತ್ರ ರೆಪ್ಪೆ ಅಲುಗುತ್ತಿತ್ತು.

ಬಹಳ ಕಾಲದ ಮೇಲೆ, ಮಿಲ್ಲೂ ಇಲ್ಲದ, ಅಪ್ಪನೂ ಇಲ್ಲದ ಕಾಲದಲ್ಲಿ, ಇದೆಲ್ಲ ಹೀಗೇ ನಡೆಯಿತೇ ಎಂದು ಅಮ್ಮನನ್ನೇ ಕೇಳಿದೆ. "ಮೆಣಸಿನ್ಕಾಯಾ? ಇಲ್ಲಪ್ಪ, ನಂಗೆ ನೆಗಡಿ ಆಗಿತ್ತು ಅಷ್ಟೆ. ಆರ್.ಟಿ. ನಗರ ಅಲ್ಲ, ಎಲ್ಲೋ ಹೆಬ್ಬಾಳದ್ ಕಡೆ. ನೀನು ಚಿಕ್ಕೋನಿದ್ದಾಗಿಂದ್ಲೂ ಕಥೆ ಕಟ್ತೀಯ ಕಣೋ" ಎಂದಳು. ನನ್ನ ಸಾಕ್ಷಿಗಳೆಲ್ಲ ಒಂದೇ ಏಟಿಗೆ ಬಿದ್ದುಹೋದವು. ಅವಳ ಆ ಮೊದಲನೆಯ ತೆಳು ದನಿ ಹೇಗಿತ್ತು ಎಂದು ನೆನೆಸಿಕೊಳ್ಳಲು ನೋಡುತ್ತೇನೆ; ಬರುವುದಿಲ್ಲ. ಅದು ಆ ಮನೆಯಲ್ಲೇ ಉಳಿದುಹೋಯಿತು, ಅದಕ್ಕಾಗಿ ಯಾರೂ ಅಳಲಿಲ್ಲ. ಮೆಣಸಿನಕಾಯಿ ಸುಳ್ಳಿರಬಹುದು, ಗುಬ್ಬಿಗಳು ಸುಳ್ಳಿರಬಹುದು. ಆದರೆ ಅವತ್ತು ನನ್ನನ್ನು ಸುಳ್ಳುಗಾರನೆಂದು ಆಡಿಕೊಂಡು ನಗುವಾಗಲೂ ಅಮ್ಮ ಗದ್ದವನ್ನು ಸ್ವಲ್ಪ ಕೆಳಗೆ ಒತ್ತಿ, ಎದೆಯಿಂದಲೇ ಮಾತಾಡುತ್ತಿದ್ದಳು. ಅಜ್ಜಿ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆ ದನಿ ಬೇಕಾಗಿದ್ದವರು ನಮ್ಮ ಮನೆಯಲ್ಲಿ ಇನ್ನು ಯಾರೂ ಇರಲಿಲ್ಲ.