ಸಿದ್ರಾಯ ನಿಂತ ಕಲ್ಲು

ಘೋಡಗೇರಿಯ ಮುತ್ತಪ್ಪಣ್ಣ ಗುಂಡುಕಲ್ಲು ಎತ್ತುವುದನ್ನು ನೀವು ನೋಡಿಲ್ಲ ಅಂದರೆ ಏನೂ ನೋಡಿಲ್ಲ ಬಿಡಿ. ದುಂಡನೆಯ ಕಲ್ಲು, ಹಿಡಿಯಲು ಹಿಡಿಕೆಯೂ ಇಲ್ಲ ಏನೂ ಇಲ್ಲ. ಕುಕ್ಕರಗಾಲಲ್ಲಿ ಕೂತು ಅದನ್ನು ತೊಡೆಗೆ ತರಬೇಕು, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ, ಆಮೇಲೆ ಬೆನ್ನ ಹಿಂದೆ ಕೆಡವಬೇಕು. ನೂರಾ ಮೂವತ್ತು ಕಿಲೋ! ಬೆಲ್ಲದ ಬಾಗೇವಾಡಿಯಲ್ಲಿ ಒಮ್ಮೆ ಆ ಕಲ್ಲು ಬಿದ್ದಾಗ ನನ್ನ ಕಾಲ ಕೆಳಗಿನ ನೆಲ ನಡುಗಿತು. ಅವತ್ತಿನಿಂದ ನಾನು ಅವನ ಅಭಿಮಾನಿ. ಅವನು ಎಲ್ಲಿ ಕಲ್ಲು ಎತ್ತಿದರೂ ಅಲ್ಲಿ ನಾನು, ಕೈಯಲ್ಲಿ ಮೊಬೈಲು.

ಅವನದು ಕುರಿ ಕಾಯುವ ಮನೆತನ. ನಲವತ್ತು ಕುರಿ, ಎರಡು ಎಕರೆ ಹೊಲ. ಮಾತು ಕಮ್ಮಿ. "ದಿನಾ ಎಷ್ಟ ತತ್ತಿ ತಿಂತೀಯೋ ಪೈಲ್ವಾನ?" ಅಂತ ಯಾರಾದರೂ ಕೇಳಿದರೆ, "ಅದನ್ನ ಕೋಳಿನ್ನ ಕೇಳ್ರಿ" ಅನ್ನುತ್ತಿದ್ದ. ಅವನ ಪಾಲಿನ ಮಾತನ್ನೆಲ್ಲ ತಮ್ಮ ಸಿದ್ರಾಯ ಆಡುತ್ತಿದ್ದ. ಅಣ್ಣ ಬೆಟ್ಟದ ಹಾಗೆ, ತಮ್ಮ ಬಡಿಗೆಯ ಹಾಗೆ. ಸ್ಪರ್ಧೆ ನಡೆಯುವಾಗ ಸಿದ್ರಾಯ ಮೈಕು ಕಸಿದುಕೊಂಡು, "ನಮ್ಮಣ್ಣ ಇವತ್ತ ಎತ್ತಲಿಲ್ಲಂದ್ರ ನಾನ ಎತ್ತತೇನಿ, ಆ್ಯಂಬುಲೆನ್ಸ್ ರೆಡಿ ಇಟ್ಕೋರಿ!" ಅಂತ ಕೂಗಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರು.

ಈ ಫೆಬ್ರುವರಿಯಲ್ಲಿ ಸಿದ್ರಾಯ ಮತ್ತು ಅವನ ಗೆಳೆಯರು ಗಾಡಿ ಮಾಡಿಕೊಂಡು ಸಮುದ್ರ ನೋಡಲು ಹೊರಟರು. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಒಂದು ದ್ವೀಪ ಸಿಗುತ್ತದಲ್ಲ, ಕರಿಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿರುವ ಜಾಗ, ಅಲ್ಲಿಗೆ. ಅಣ್ಣನನ್ನೂ ಕರೆದ. ಅಣ್ಣನಿಗೆ ಅದೇ ದಿನ ಮೂಡಲಗಿಯಲ್ಲಿ ಸ್ಪರ್ಧೆ ಇತ್ತು.

"ನೀ ಅದ ಹಳೇ ಕಲ್ಲ ಎತ್ಕೊಂತ ಕುಂಡ್ರು. ನಾ ಯಾರೂ ಕಡೀದ ಕಲ್ಲ ನೋಡಿ ಬರ್ತೇನಿ" ಅಂದು ಹೋದ ಸಿದ್ರಾಯ ತಿರುಗಿ ಬರಲಿಲ್ಲ. ಕಲ್ಲಿನ ಅಂಚಿನಲ್ಲಿ ನಿಂತಿದ್ದವನನ್ನು ಒಂದು ಅಲೆ ಎಳೆದುಕೊಂಡಿತು. ಮುತ್ತಪ್ಪಣ್ಣ ಒಂಬತ್ತು ದಿನ ಮಲ್ಪೆಯ ದಂಡೆಯಲ್ಲಿ ಕೂತ. ಹೆಣ ಸಿಗಲಿಲ್ಲ.

ಅವರಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹುಗಿಯುತ್ತಾರೆ. ತಾಯಿ ಚನ್ನವ್ವ ಗಂಡನ ಗೋರಿಯ ಬಾಜೂ ಮಗನಿಗೂ ಗುಂಡಿ ತೋಡಿಸಿದಳು. ಹುಗಿಯಲು ಏನೂ ಇಲ್ಲ. ಮಣ್ಣು ಮಾಡದೆ ದಿನ, ಅಂದರೆ ತಿಥಿ, ಮಾಡುವಂತಿಲ್ಲ, ದಿನ ಮಾಡದೆ ಆಕೆ ಹೊಟ್ಟೆತುಂಬ ಉಣ್ಣುವುದಿಲ್ಲ. ದಿನಕ್ಕೆ ಅರ್ಧ ರೊಟ್ಟಿ, ಅಷ್ಟೇ. ಮೇ ತಿಂಗಳ ಹೊತ್ತಿಗೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು ಅವಳಿಗೆ. ಕೊನೆಗೆ ಮನೆತನದ ಹಿರಿಯ ಮಾಲಿಂಗಪ್ಪ ಕಾಕಾ ಒಂದು ದಾರಿ ಹೇಳಿದ.

"ಹೆಣ ಇಲ್ಲಂದ್ರ ಅವ ಕಡೀಕ ನಿಂತಿದ್ದ ಜಾಗಾದಿಂದ ಏನರ ತರ್ರಿ. ಅದನ್ನ ಅವನ ಅಂತ ತಿಳಕೊಂಡ ಹುಗಿಯೋಣು."

ಏನಾದರೂ ಅಂದರೆ ಮುತ್ತಪ್ಪಣ್ಣನಿಗೆ ಕಲ್ಲು. ಬೇರೆ ಏನೂ ಅವನ ತಲೆಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಕಲ್ಲಿನ ಜೊತೆ ಬಾಳಿದವನು.

ಮೂರು ಮಂದಿ ಹೋದೆವು. ಅವನು, ನಾನು, ಮತ್ತು ಅವತ್ತು ಸಿದ್ರಾಯನ ಜೊತೆಗಿದ್ದ ದುರ್ಗೇಶ. ಮಲ್ಪೆಯಲ್ಲಿ ದೋಣಿಯವ, "ನಾಳೆಯಿಂದ ದೋಣಿ ಬಂದ್, ಇನ್ನು ಮಳೆಗಾಲ ಮುಗಿದ ಮೇಲೆಯೇ" ಅಂದ.

ಆ ಜಾಗ ಚಂದ ಇದೆ, ಸುಳ್ಳು ಯಾಕೆ ಹೇಳಲಿ. ಪೆನ್ಸಿಲ್ ಕಟ್ಟು ನೆಲದಲ್ಲಿ ನೆಟ್ಟ ಹಾಗೆ ಹಲವು ಮೂಲೆಗಳ ಕರಿ ಕಂಬಗಳು, ಕೆಲವು ಎತ್ತರ, ಕೆಲವು ಗಿಡ್ಡ, ನಡುವೆ ಬಿಳಿ ನೊರೆ. ಎಲ್ಲರೂ ಫೋಟೋ ಹೊಡೆಸಿಕೊಳ್ಳುತ್ತಿದ್ದರು. ದುರ್ಗೇಶ ಒಂದು ಕಂಬದ ಹತ್ತಿರ ನಿಂತು ಬೆರಳು ತೋರಿಸಿದ.

"ಇಲ್ಲೇ ನಿಂತಿದ್ದ ಅಣ್ಣಾ. ಇನ್ನೊಂದೀಟ ಹಿಂದ ಸರಿ ಅಂತ ನಾನ ಅಂದ್ನಿ. ಫೋಟೋ ಚಲೋ ಬರ್ತೈತಿ ಅಂತ."

ಮುತ್ತಪ್ಪಣ್ಣ ಅವನಿಗೆ ಬಯ್ಯಲಿಲ್ಲ, ಹೊಡೆಯಲಿಲ್ಲ. ಕುಕ್ಕರಗಾಲಲ್ಲಿ ಕೂತು ಆ ಕಂಬವನ್ನು ಎರಡೂ ತೋಳಿನಿಂದ ತಬ್ಬಿಕೊಂಡ. ಕುತ್ತಿಗೆಯ ನರ ಎದ್ದವು. ಎತ್ತುತ್ತಿದ್ದಾನೆ ಅಂತ ನನಗೆ ಆಗ ತಿಳಿಯಿತು. ಅದು ಭೂಮಿಯೊಳಗೆ ಎಷ್ಟು ಆಳಕ್ಕೆ ಇಳಿದಿದೆಯೋ ಏನೋ, ಕೂದಲೆಳೆಯಷ್ಟೂ ಅಲುಗಲಿಲ್ಲ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ನಕ್ಕು ವಿಡಿಯೋ ಮಾಡಿದಳು. ದೂರದಿಂದ ಕಾವಲುಗಾರ ಸೀಟಿ ಊದಿದ.

ಆಮೇಲೆ ಕಂಬಗಳ ಸಂದಿಯಲ್ಲಿ ಮುಷ್ಟಿಯಷ್ಟು ದೊಡ್ಡ ಒಂದು ಚೂರು ಸಿಕ್ಕಿತು. ಅದನ್ನು ಟಾವೆಲಿನಲ್ಲಿ ಸುತ್ತಿ ಬುತ್ತಿಚೀಲದಲ್ಲಿ ಇಟ್ಟುಕೊಂಡ. ದೋಣಿ ಹತ್ತುವಾಗ ಅದೇ ಕಾವಲುಗಾರ ಅಡ್ಡ ನಿಂತ.

"ಚೀಲದಲ್ಲಿ ಎಂತ ಉಂಟು?"

"ರೊಟ್ಟಿ ಐತ್ರಿ."

"ರೊಟ್ಟಿ ಇಷ್ಟು ಭಾರ ಇರ್ತದಾ ಮಾರಾಯ್ರೆ?" ಅಂದು ಕೈ ಹಾಕಿ ಕಲ್ಲು ತೆಗೆದ. "ಇಲ್ಲಿಂದ ಕಲ್ಲು ತಗೊಂಡು ಹೋಗ್ಲಿಕ್ಕಿಲ್ಲ. ಬೋರ್ಡ್ ನೋಡ್ಲಿಲ್ವಾ?"

"ಸಾಹೇಬ್ರ, ನನ್ನ ತಮ್ಮ ಇಲ್ಲೇ ಹ್ವಾದಾನ್ರಿ. ಹೆಣಾ ಸಿಕ್ಕಿಲ್ಲ. ಇದನ್ನ ಒಯ್ದು ಹುಗೀಬೇಕ್ರಿ."

ಕಾವಲುಗಾರನ ಮುಖ ಸಣ್ಣದಾಯಿತು. "ಗೊತ್ತುಂಟು. ಆ ದಿವಸ ನಾನೂ ಹುಡುಕಿದ್ದೇನೆ. ಆದ್ರೆ ನಾನು ಕೊಟ್ರೆ ನನ್ನ ಕೆಲಸ ಹೋಗ್ತದೆ ಅಣ್ಣ. ಒಂದು ಮುಷ್ಟಿ ಹೊಯ್ಗೆ ತಗೊಳ್ಳಿ, ನಾನು ನೋಡುದಿಲ್ಲ."

ಹೊಯ್ಗೆ ಅಂದರೆ ಉಸುಕು ಅಂತ ಅವನು ಕಾಲಲ್ಲಿ ಕೆದರಿ ತೋರಿಸಿದ ಮೇಲೆ ತಿಳಿಯಿತು. ಮುತ್ತಪ್ಪಣ್ಣನಿಗೆ ಸಿಟ್ಟು ಬಂತು.

"ಉಸುಕು ಹುಗ್ಯಾಕ ನನ್ನ ತಮ್ಮ ಉಸುಕೇನ್ರಿ?"

ಕಾವಲುಗಾರ ಕಲ್ಲನ್ನು ಬಂಡೆಗಳ ಕಡೆ ಎಸೆದ. ಅದು ಅಲ್ಲಿ ತಾಗಿ ನೀರಿಗೆ ಉರುಳಿತು. ಮುತ್ತಪ್ಪಣ್ಣ ಎರಡು ಹೆಜ್ಜೆ ಮುಂದೆ ಹೋದ. ಈಜು ಬಾರದವನು. ನಾವಿಬ್ಬರೂ ಅವನ ಅಂಗಿ ಹಿಡಿದುಕೊಂಡೆವು.

ಮರುದಿನ ಹುಕ್ಕೇರಿಯಲ್ಲಿ ಇಳಿದಾಗ ರಸ್ತೆ ರಿಪೇರಿಗೆ ತಂದು ಸುರಿದ ಕರಿಕಲ್ಲಿನ ರಾಶಿ ಕಣ್ಣಿಗೆ ಬಿತ್ತು. ಹೇಳಿದವನು ನಾನೇ. ಈಗ ನೆನೆಸಿಕೊಂಡರೆ ನಾಲಿಗೆ ಕತ್ತರಿಸಿಕೊಳ್ಳಬೇಕು ಅನಿಸುತ್ತದೆ.

"ಅಣ್ಣಾ, ಇದೂ ಕರೀದ ಐತಿ. ಒಂದ ಒಯ್ಯೋಣು. ಅವ್ವಗ ಏನ ಗೊತ್ತಾಗ್ತೈತಿ? ಉಣತಾಳಲ್ಲಾ, ಅಷ್ಟ ಸಾಕು."

ಅವನು ಒಂದೆರಡು ಕಲ್ಲು ಎತ್ತಿ ನೋಡಿ ಕೆಳಗಿಟ್ಟ. ಆಮೇಲೆ ಬಗ್ಗಿ ಒಂದು ಕಲ್ಲು ಆರಿಸಿದ.

ಚನ್ನವ್ವ ಅಂಗಳದಲ್ಲೇ ಕೂತಿದ್ದಳು. ಕೈ ತೊಳೆದು ಕಲ್ಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಕೂಸಿನ ತಲೆ ಸವರಿದ ಹಾಗೆ ಸವರಿದಳು. "ಬಂದೇನೋ ಯಪ್ಪಾ" ಅಂದಳು. ಮುದ್ದಿಡಲು ತುಟಿಯ ಹತ್ತಿರ ಒಯ್ದವಳು ಹಾಗೇ ತಡೆದಳು. ನಾಲಿಗೆಯ ತುದಿ ತಾಗಿಸಿ ನೋಡಿದಳು. ಇನ್ನೊಂದು ಕಡೆಯೂ ನೋಡಿದಳು.

"ಮುತ್ತಪ್ಪಾ, ಸಮುದ್ರದ ಕಲ್ಲಿಗೆ ಉಪ್ಪ ಇರೂದಿಲ್ಲೇನೋ?"

ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಕಂಬ, ಸೀಟಿ, ನೀರಿಗೆ ಬಿದ್ದ ಚೂರು, ರಸ್ತೆಯ ರಾಶಿ. ಉಸುಕಿನ ಮಾತು ಬಂದಾಗ ಅವಳು ಕಣ್ಣೆತ್ತಿದಳು.

"ಕೊಡತೇನಿ ಅಂದಿದ್ನಾ ಅವಾ?"

"ಹೂಂ."

"ಒಂದ ಹಿಡಿ ಉಸುಕ ಸಾಕಿತ್ತಲ್ಲೋ. ನನಗ್ಯಾಕ ಬೇಕಿತ್ತೋ ನಿನ್ನ ಕಲ್ಲ?"

ಬಯ್ದು ಹೇಳಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಎದ್ದು ಆ ಕಲ್ಲನ್ನು ಗೋಡೆಯ ಬದಿಗೆ ಇಟ್ಟು ಒಳಗೆ ಹೋದಳು. ಮಣ್ಣು ಮಾಡಿದ ಮೇಲೆ ಉಣ್ಣಲೆಂದು ಒಲೆಯ ಮೇಲಿಟ್ಟಿದ್ದ ಅನ್ನವನ್ನು ನಾಯಿಗೆ ಹಾಕಿಸಿದಳು.

ಈಗ ಮಳೆ ಹಿಡಿದಿದೆ. ಹೊಲದ ಗುಂಡಿ ಹಾಗೇ ಬಾಯಿ ತೆರೆದುಕೊಂಡಿದೆ, ಅರ್ಧ ನೀರು ನಿಂತಿದೆ. ಕುರಿಮರಿ ಬಿದ್ದಾವು ಅಂತ ಮುತ್ತಪ್ಪಣ್ಣ ಸುತ್ತ ಜಾಲಿಮುಳ್ಳು ಹಾಕಿದ್ದಾನೆ. ಚನ್ನವ್ವ ಹಾಸಿಗೆ ಹಿಡಿದು ಹದಿನೈದು ದಿನವಾಯಿತು. ಮೊನ್ನೆ ಹೊಲಕ್ಕೆ ಹೋದಾಗ ನಾನು ಧೈರ್ಯ ಮಾಡಿ ಹೇಳಿದೆ.

"ಮಳಿ ನಿಂತ ಮ್ಯಾಲ ದೋಣಿ ಬಿಡತಾರಣ್ಣಾ. ಹೋಗಿ ಉಸುಕ ತರೋಣು."

ಅವನು ಮುಳ್ಳು ಸರಿಮಾಡುತ್ತ ಇದ್ದ. ತಿರುಗಿ ನೋಡಲಿಲ್ಲ.

"ಮಳಿಗಾಲದಾಗ ಸಮುದ್ರ ದಂಡೀ ಉಸುಕೆಲ್ಲಾ ಎಳಕೊಂಡ ಹೋಗಿ ಬ್ಯಾರೇದ ತಂದ ಹಾಕ್ತೈತಂತ. ಆ ದೋಣಿಯವನ್ನ ಕೇಳೇನಿ" ಅಂದ. "ಮತ್ತ, ಅವ್ವ ಅಲ್ಲೀತನಕ ಇರಬೇಕಲ್ಲೋ."