ಗಡಿಗೆಯ ಮೇಲಿನ ಅಂಗೈ

ಮನೆಯ ಹಳೇ ಹಾಡಿನ ಸೆಟ್ಟಿನ ದನಿ ಸೊರಗಿದೆ ಎಂದು ಇವತ್ತು ಶಿಗ್ಗಾಂವಿಯ ಅಂಗಡಿಗೆ ಹೋಗಿದ್ದೆ. ಕಪಾಟಿನಲ್ಲಿಡುವಂಥ ಸಣ್ಣ ಸ್ಪೀಕರುಗಳ ಎರಡು ಜೋಡಿಯನ್ನು ಆಂಪ್ಲಿಫೈಯರಿಗೆ ಜೋಡಿಸುತ್ತ ಅಂಗಡಿಯವನು, "ಎರಡೂ ಕೇಳಿ ನೋಡ್ರಿ, ಆಮ್ಯಾಲೆ ಆರಿಸ್ರಿ" ಎಂದ. ಸ್ಪೀಕರಿನ ಕಪ್ಪು ಬಲೆ ನೋಡುತ್ತಲೇ ಹಾನಗಲ್ಲಿನ ನಮ್ಮ ಮನೆ ನೆನಪಾಯಿತು.

ಅಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಎಲ್ಲಿಂದಲೋ ಒಂದು ಬಿಡಿ ಸ್ಪೀಕರ್ ತಂದು, ದನಿ ಗುಂಯ್ ಅನ್ನಲೆಂದು ಅವ್ವನ ನೀರಿನ ಗಡಿಗೆಯ ಬಾಯಿಗೆ ಕೂಡಿಸಿದ್ದ. ಸಂಜೆ ಬಂದವನೇ ಹಾಡು ಹಚ್ಚಿ, ತೌಡಿನ ಧೂಳು ಮೆತ್ತಿದ ಅಂಗೈಯನ್ನು ಗಡಿಗೆಯ ಹೊಟ್ಟೆಗೆ ಒತ್ತಿ ಕೂರುತ್ತಿದ್ದ. "ದನಿ ಸಣ್ಣ ಮಾಡ್ರಿ, ಓಣಿ ಮಂದಿ ಬೈತಾರ" ಎಂದು ಅವ್ವ ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಗಡಿಗೆ ಉರುಳದಿರಲೆಂದು ಹಿಡಿದಿದ್ದಾನೆ ಎಂದುಕೊಂಡಿದ್ದೆ ನಾನು.

ಅದೇ ಗಿರಣಿಯ ಗಡಗಡ ಸದ್ದಿನಲ್ಲಿ ನನ್ನದೂ ಅರ್ಧ ಆಯುಷ್ಯ ಕಳೆದಿದೆ.

"ಹಾಡು ಹಚ್ರಿ ಮತ್ತ" ಎಂದೆ. ಅಂಗಡಿಯವನು ನನ್ನ ಮುಖವನ್ನೇ ನೋಡಿದ. ಹತ್ತಿರ ಬಂದು ಕಿವಿಯಲ್ಲಿ ಜೋರಾಗಿ ಹೇಳಿದ: "ಆಗಿಂದ ಹಾಡಾಕತ್ತೈತಲ್ರೀ ಕಾಕಾ!"

ನಾನು ಸ್ಪೀಕರಿನ ಮೇಲೆ ಅಂಗೈ ಇಟ್ಟೆ. ಅದರ ಬಲೆ ನಡುಗುತ್ತಿತ್ತು.