ತೀರದ ವೀಳ್ಯ

ನಮ್ಮ ಯಜಮಾನರು ಪ್ರಜಾಪ್ರತಿನಿಧಿ ಸಭೆಯ ಮೆಂಬರ್‌ಗಿರಿ ಬಿಟ್ಟಾಗ ಊರಿನ ಬಾಯಿಗೆ ಒಳ್ಳೆಯ ಕೆಲಸ ಸಿಕ್ಕಿತು. ಹೆಗ್ಗಡದೇವನಕೋಟೆಯ ಸಂತೆಯಲ್ಲಿ ಒಬ್ಬರು ಸಕ್ಕರೆ ಕಾಯಿಲೆ ಎಂದರು, ಇನ್ನೊಬ್ಬರು ಪಕ್ಷದವರ ಜೊತೆ ಮನಸ್ತಾಪ ಎಂದರು. ಎದುರು ಪಕ್ಷದ ಬಿಳಿ ಟೋಪಿಯ ಹುಡುಗರಂತೂ, ಗೌಡರು ನಮಗೆ ಹೆದರಿ ಓಡಿದರು ಎಂದು ಹುಣಸೂರಿನವರೆಗೂ ಸಾರಿಕೊಂಡು ಬಂದರು. ಹೆದರುವ ಜೀವವೇ ಅದಲ್ಲ. ಸಕ್ಕರೆ ಕಾಯಿಲೆಯೂ ಸುಳ್ಳು, ದಿನಾ ಬಡಿಸುತ್ತಿದ್ದವಳು ನಾನು, ನನಗೆ ಗೊತ್ತಿರಲಿಲ್ಲವೇ. ನಿಜವಾದ ಕಾರಣ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಆಮೇಲೆ ಇನ್ನೊಬ್ಬಳಿಗೆ ಗೊತ್ತಾಯಿತು. ಈಗ ಅವರಿಲ್ಲ, ಅವಳ ಸುದ್ದಿಯೂ ಇಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಆಗ ಪ್ರತಿವರ್ಷ ದಸರೆ ಮುಗಿಯುತ್ತಿದ್ದ ಹಾಗೆ ಮೈಸೂರಿನಲ್ಲಿ ಸಭೆ ಕೂಡುತ್ತಿತ್ತು. ಒಂದೊಂದು ತಾಲ್ಲೂಕಿನ ಮೆಂಬರನ್ನೂ ಕರೆದು ನಿಮ್ಮ ಕಡೆಯ ಕಷ್ಟ ಹೇಳಿ ಎನ್ನುತ್ತಿದ್ದರು. ಇವರು ಹೊರಡುವ ಮೊದಲು ಹಳ್ಳಿ ಹಳ್ಳಿಯಿಂದ ಜನ ಬಂದು, ತಮ್ಮ ಮಾತು ಹೇಳಿ, ಎರಡು ಎಲೆ ಒಂದು ಅಡಿಕೆ ಕೈಗಿಡುತ್ತಿದ್ದರು. ಇವರು ಕೈ ಒಡ್ಡಿದರೆಂದರೆ ಆ ಮಾತನ್ನು ಸಭೆಯಲ್ಲಿ ಆಡುತ್ತೇನೆ ಎಂದು ಒಪ್ಪಿಕೊಂಡ ಹಾಗೆ. ಆ ವೀಳ್ಯವನ್ನು ಬಾಯಿಗೆ ಹಾಕುತ್ತಿರಲಿಲ್ಲ. ನಡುಮನೆಯ ಗೂಡಿನಲ್ಲಿ ಒಂದು ಹಿತ್ತಾಳೆ ತಟ್ಟೆ ಇತ್ತು, ಅದರಲ್ಲಿಡುತ್ತಿದ್ದರು. ಮೈಸೂರಿನಿಂದ ಬಂದ ಮೇಲೆ ಆ ಹಳ್ಳಿಯವನನ್ನು ಕರೆಸಿ, ಹೊಸ ಎಲೆ ತರಿಸಿ, ಇಬ್ಬರೂ ಎದುರುಬದುರು ಕೂತು ಹಾಕಿಕೊಳ್ಳುತ್ತಿದ್ದರು. ಅದಕ್ಕೆ ನಮ್ಮ ಮನೆಯಲ್ಲಿ ತೀರಿದ ವೀಳ್ಯ ಎಂದು ಹೆಸರು. ಸರ್ಕಾರ ಕೆಲಸ ಮಾಡಿಕೊಟ್ಟಿತೋ ಇಲ್ಲವೋ, ಅದು ಬೇರೆ. ಇವರು ಒಪ್ಪಿಕೊಂಡಿದ್ದು ಹೇಳುವುದನ್ನು. ಹೇಳಿದರೆ ತೀರಿತು.

ಈ ಪದ್ಧತಿ ನಮ್ಮ ಮಾವನವರು ಪಟೇಲರಾಗಿದ್ದ ಕಾಲದ್ದು. ಮೈಸೂರಿನ ಪಕ್ಷದವರಿಗೆ ಮೊದಮೊದಲು ನಗೆ. ಅವರಿಗೆ ಕುರ್ಚಿ ಮೇಜಿನ ಕಚೇರಿ ಇತ್ತು, ಅಧ್ಯಕ್ಷರಿದ್ದರು, ಅಚ್ಚು ಹಾಕಿಸಿದ ನಿಯಮಗಳಿದ್ದವು. ನಮ್ಮ ಕಡೆ ಪಕ್ಷ ಎಂದರೆ ಆ ತಟ್ಟೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಕಡೆಯ ಮೆಂಬರುಗಳೂ ಅದನ್ನು ನೋಡಿ ಕಲಿತು ತಮ್ಮ ತಮ್ಮ ಮನೆಯಲ್ಲಿ ತಟ್ಟೆ ಇಟ್ಟರು. ಓಟುಗಳು ಬಂದು ಬೀಳತೊಡಗಿದ ಮೇಲೆ ಅಧ್ಯಕ್ಷರ ನಗೆ ನಿಂತಿತು. ನಿಮ್ಮ ತಟ್ಟೆ ನಮ್ಮ ಪಕ್ಷದ ಆಸ್ತಿ ಗೌಡರೇ ಎಂದು ಹೊಗಳತೊಡಗಿದರು. ಹಾಗಾದರೆ ಹುಣಸೆಹಣ್ಣು ಹಾಕಿ ಉಜ್ಜುವುದಕ್ಕೆ ಪಕ್ಷದಿಂದಲೇ ಒಬ್ಬರನ್ನು ಕಳಿಸಲಿ ಎಂದು ನಾನು ಒಳಗಿನಿಂದ ಅಂದದ್ದು ಅವರಿಗೆ ಕೇಳಿಸಿತೋ ಏನೋ.

ಮೆಂಬರ ಹೆಂಡತಿ ಎನ್ನಿಸಿಕೊಳ್ಳುವುದು ನನಗೆ ಇಷ್ಟವಿತ್ತು. ಮುಚ್ಚಿಡುವುದೇನು. ಸರಿಗೆ ಪೇಟ ಸುತ್ತಿ, ಕಪ್ಪು ದರ್ಬಾರು ಕೋಟು ತೊಟ್ಟು ಅವರು ಮೋಟಾರು ಹತ್ತುವಾಗ ನಾನು ಜಗಲಿಗೆ ಬಂದು ನಿಲ್ಲುತ್ತಿದ್ದೆ, ಬೀದಿಯವರೆಲ್ಲ ನೋಡಲಿ ಎಂದು.

ಬೇಗೂರಿನ ಆಚೆ, ಕಾಡಿನ ಅಂಚಿನ ಒಂದು ಹಳ್ಳಿಯಿಂದ ಒಬ್ಬ ಒಕ್ಕಲಿನವನು ಹೆಂಡತಿಯೊಂದಿಗೆ ಬರುತ್ತಿದ್ದ. ಓಟಿಗೆ ಬೇಕಾದಷ್ಟು ಕಂದಾಯ ಕಟ್ಟುವ ಹೊಲವಿಲ್ಲದ್ದರಿಂದ ಅವನಿಗೆ ಓಟೂ ಇರಲಿಲ್ಲ. ಅವನ ಮಾತು ಆನೆಯದು. ರಾಗಿ ತೆನೆ ಕಟ್ಟುವ ಹೊತ್ತಿಗೆ ಹಿಂಡು ಇಳಿಯುತ್ತಿತ್ತು. ಆನೆಗೆ ಗುಂಡು ಹಾರಿಸುವಂತಿಲ್ಲ, ತಮಟೆ ಬಡಿಯಬೇಕು, ಪಂಜು ಬೀಸಬೇಕು. ಊರಿನ ಗಂಡಸರು ಹೊಲದಲ್ಲಿ ಅಟ್ಟಣೆ ಕಟ್ಟಿಕೊಂಡು ರಾತ್ರಿಯಿಡೀ ಇಬ್ಬಿಬ್ಬರು ಜೋಡಿಯಾಗಿ ಕಾವಲು ಕೂರುತ್ತಿದ್ದರು. "ಆನೆ ಹೊಡೀಲಿ ಅನ್ನಾಕಿಲ್ಲ ಬುದ್ಧೀ," ಎಂದಿದ್ದ ಆ ವರ್ಷ. "ಅದೂ ಹೊಟ್ಟೆಪಾಡಿಗೇ ಬತ್ತದೆ. ಕಾಡಂಚಿಗೆ ಒಂದು ಕಂದಕ ತೋಡಿಸ್ಲಿ, ಅಷ್ಟೇಯಾ." ಯಜಮಾನರು ಕೈ ಒಡ್ಡಿದರು. ಅವನ ಹೆಂಡತಿ ಒಂದು ಮಂಕರಿ ಗೆಣಸು ಇಳಿಸಿ, ನನ್ನ ಹತ್ತಿರ ಒಂದು ಲೋಟ ನೀರು ಇಸಿದುಕೊಂಡು ಕುಡಿದು, ಗಂಡನ ಹಿಂದೆ ಹೊರಟಳು.

ಅದು ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ನಡೆಯುವ ವರ್ಷ. ದೊಡ್ಡ ದೊರೆಗಳು ಆನೆ ಹಿಡಿಯುವುದನ್ನು ನೋಡಲು ಬರುವವರಿದ್ದರು. ಅತಿಥಿಗಳು ಬರುವ ಹೊತ್ತಿನಲ್ಲಿ ಆನೆಯ ಮೇಲೆ ದೂರು ಹೇಳಿದರೆ ಚೆನ್ನಾಗಿರುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದು ಅಧ್ಯಕ್ಷರು ಮೈಸೂರಿನಲ್ಲಿ ಇವರ ಕಿವಿಯಲ್ಲಿ ಹಾಕಿದರಂತೆ. ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನಮ್ಮ ತಾಲ್ಲೂಕನ್ನು ಕರೆದಾಗ ಎದ್ದು ನಿಂತು ರಸ್ತೆಯ ಮಾತು ಆಡಿದರು, ಕುಡಿಯುವ ನೀರಿನ ಬಾವಿಯ ಮಾತು ಆಡಿದರು. ಆನೆಯ ಮಾತಿಗೆ ಬಾಯಿ ತೆರೆಯುವಾಗ ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರು ಕತ್ತು ತಿರುಗಿಸಿ ಒಂದು ಸಲ ನೋಡಿದರು. ಅಷ್ಟೇ. ಇವರು ಕೂತುಬಿಟ್ಟರು.

ಮನೆಗೆ ಬಂದು ಕಾಲು ತೊಳೆಯುತ್ತಾ ಇದನ್ನು ನನಗೆ ಹೇಳಿದರು. ಅದಕ್ಕೇನು, ಅವನು ಬಂದಾಗ ಈ ಸಲ ಆಗಲಿಲ್ಲ ಎಂದು ಹೇಳಿಬಿಡಿ ಎಂದೆ. ಹೇಳುತ್ತೇನೆ ಎಂದರು. ಹೇಳಬೇಕೆಂದೇ ಇದ್ದರು, ಅದರಲ್ಲಿ ನನಗೆ ಅನುಮಾನವಿಲ್ಲ.

ಅವನು ಕರೆಸುವ ಮೊದಲೇ ಬಂದ, ಹೆಂಡತಿಯ ಜೊತೆ. ಮೆಟ್ಟಿಲು ಹತ್ತುವಾಗಲೇ ಮುಖವೆಲ್ಲ ನಗು. "ಯೇಳಿದ್ರಂತಲ್ಲ ಬುದ್ಧೀ! ಸಂತೇಲೆಲ್ಲಾ ಅದೇ ಮಾತು, ಗೌಡ್ರು ಎದ್ದು ನಿಂತು ಮಾತಾಡಿದ್ರು ಅಂತ," ಎಂದು ಕೈ ಮುಗಿದ. ಜನ ಆಡಿಕೊಂಡಿದ್ದು ರಸ್ತೆಯ ಮಾತನ್ನು. ಇವನು ಎಲ್ಲ ಸೇರಿಸಿ ತನ್ನದೂ ಆಯಿತು ಎಂದುಕೊಂಡಿದ್ದ. ಯಜಮಾನರು ಅವನನ್ನು ನೋಡಿದರು, ಅವನ ಹೆಂಡತಿಯನ್ನು ನೋಡಿದರು. ಆಮೇಲೆ ಒಳಬಾಗಿಲ ಕಡೆ ತಿರುಗಿ ತಟ್ಟೆ ತಾ ಎಂದರು. ನಾನು ತಂದಿಟ್ಟೆ. ಇಬ್ಬರೂ ಜಗಲಿಯ ಚಾಪೆಗಳ ಮೇಲೆ ಎದುರುಬದುರು ಕೂತು ಅಗಿದರು. ಅವನ ತುಟಿ ಕೆಂಪಾಯಿತು, ಹೊರಗೆ ಹೋಗಿ ಬೇಲಿಯ ಬುಡದಲ್ಲಿ ಉಗಿದು ಬಂದು ಮತ್ತೆ ಕೈ ಮುಗಿದ.

ಊರಿಗೆ ಹೋಗಿ, ನಮ್ಮ ಮಾತು ಮಹಾರಾಜರ ಕಿವಿಗೆ ಬಿದ್ದಾಯಿತು, ಇನ್ನು ಸರ್ಕಾರದ ಕಾವಲಿನವರೇ ಬರುತ್ತಾರೆ ಎಂದನಂತೆ. ಮಾತು ತೀರಿದ ಮೇಲೂ ಜೋಡಿ ಕೂತರೆ ಗೌಡರನ್ನು ನಂಬದ ಹಾಗಾಗುತ್ತದೆ ಎಂದು ಜೊತೆಗಾರನನ್ನು ಮನೆಗೆ ಕಳಿಸಿದನಂತೆ. ಕಾರ್ತಿಕದಲ್ಲಿ, ಖೆಡ್ಡಾದವರು ಅಟ್ಟಿದ ಹಿಂಡಿನಿಂದ ತಪ್ಪಿಸಿಕೊಂಡ ಒಂದು ಸಲಗ ಆ ಹೊಲಕ್ಕೆ ಇಳಿಯಿತು. ಕೂಗಿದ್ದು ಕೇಳಿ ಜನ ಓಡಿ ಬರುವಷ್ಟರಲ್ಲಿ ಅಟ್ಟಣೆ ನೆಲದಲ್ಲಿತ್ತು, ಅವನ ಜೀವ ಹೋಗಿತ್ತು. ಈ ಸುದ್ದಿಯನ್ನು ಬೇಗೂರಿನ ಗಾಡಿಯವನೊಬ್ಬ ನಮ್ಮ ಜಗಲಿಯ ಮೇಲೆ ಕೂತು ಹೇಳಿದ, ಯಾರದೋ ಕತೆ ಹೇಳುವ ಹಾಗೆ.

ಯಜಮಾನರು ಆಗಷ್ಟೇ ಊಟ ಮಾಡಿ ಎಲೆ ಹಾಕಿಕೊಂಡಿದ್ದರು. ಎದ್ದು ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದರು. ಮತ್ತೆ ಬಾಯಿಗೆ ಎಲೆ ಹಾಕಲಿಲ್ಲ. ಒಂದು ಹೊತ್ತು ಎಲೆ ತಪ್ಪಿದರೆ ತಲೆನೋವು ಎನ್ನುತ್ತಿದ್ದ ಮನುಷ್ಯ.

ಅವತ್ತಿನಿಂದ ಮನೆಯ ಬೆಳಕೇ ಬೇರೆಯಾಯಿತು. ಮಧ್ಯಾಹ್ನ ಒಬ್ಬರೇ ಜಗಲಿಯಲ್ಲಿ ಕೂತವರು ಎದುರಿನ ಚಾಪೆಯನ್ನೇ ನೋಡುವರು. ಯಾರಾದರೂ ಅದರ ಮೇಲೆ ಕೂರಲು ಹೋದರೆ, ಅಲ್ಲಿ ಬೇಡ ಈಚೆ ಬನ್ನಿ ಎನ್ನುವರು. ನಾನು ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದೆ, ಮಾರನೆಯ ದಿನ ಅದು ಅಲ್ಲೇ ಹಾಸಿತ್ತು. ಅಗಿಯುವ ಸದ್ದು ಕೇಳಿಸುತ್ತದೆ ಕಣೇ ಎಂದರು ಒಂದು ದಿನ. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುತ್ತಿದೆ, ಹುಚ್ಚು ಹಿಡಿಸಿಕೊಳ್ಳಬೇಡಿ ಎಂದು ಗದರಿದೆ. ಆ ಹೊತ್ತಿನಲ್ಲಿ ಎಮ್ಮೆಗಳು ಮೇಯಲು ಹೋಗಿರುತ್ತಿದ್ದವು. ಅದು ನನಗೆ ಹೊಳೆದದ್ದು ಅಡಿಗೆಮನೆಗೆ ಬಂದ ಮೇಲೆ, ಮತ್ತೆ ಜಗಲಿಗೆ ಹೋಗಲು ನನಗೂ ಭಯವಾಯಿತು.

ಮುಂದಿನ ದಸರೆಗೆ ಮೊದಲೇ ಚುನಾವಣೆ ಬಂತು. ಹುಣಸೂರಿನಿಂದ ದರ್ಜಿ ಸಾಹೇಬರು ವಾಡಿಕೆಯಂತೆ ಕೋಟಿನ ಅಳತೆಗೆ ಬಂದರು. ನಮ್ಮ ತಾಲ್ಲೂಕಿನ ಅರ್ಧ ಮೆಂಬರಿಕೆ ಅವರ ಸೂಜಿಯಲ್ಲೇ ಇದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಈ ಸಲ ಬೇಡ ಸಾಹೇಬರೇ ಎಂದರು ಇವರು. ಹಳೆಯದೇ ಸಾಕೇ ಎಂದು ಅವರು ಕೇಳಿದರು. ಹಳೆಯದೂ ಬೇಡ ಎಂದರು. ಸಾಹೇಬರು ಟೇಪು ಸುತ್ತಿಕೊಂಡು ಸುಮ್ಮನೆ ಕಾಫಿ ಕುಡಿದು ಹೋದರು. ಇವರು ನಿಲ್ಲುವುದಿಲ್ಲ ಎಂದು ನನಗೂ ಆಗಲೇ ಗೊತ್ತಾದದ್ದು. ನನಗೆ ಅಳು ಬಂತು, ಸಿಟ್ಟೂ ಬಂತು. ಮನೆಯೊಳಗೆ ಕೂತು ಕೊರಗುವುದಕ್ಕಿಂತ ಸಭೆಗೆ ಹೋಗಿ ಆ ಮಾತು ಆಡಿಯಾದರೂ ಬನ್ನಿ ಎಂದೆ.

ಅಧ್ಯಕ್ಷರು ಕಾರು ಮಾಡಿಕೊಂಡು ಬಂದರು. ನಾಲ್ಕು ತಾಲ್ಲೂಕು ನಿಮ್ಮ ಮೇಲೆ ನಿಂತಿದೆ, ನೀವು ಬಿಟ್ಟರೆ ಪಕ್ಷದ ಸೊಂಟವೇ ಮುರಿದ ಹಾಗೆ ಎಂದರು. ಅದು ಸುಳ್ಳಲ್ಲ. ಯಜಮಾನರು, ಕೈ ಒಡ್ಡಲು ಆಗುತ್ತಿಲ್ಲ ಎಂದರು. ಇದು ಆನೆ ತುಳಿದ ಒಕ್ಕಲಿನವನ ವಿಷಯ ಎಂದು ಆಗ ಅಧ್ಯಕ್ಷರಿಗೆ ಅರ್ಧಂಬರ್ಧ ಹೊಳೆಯಿತು.

"ಅವನಿಗೆ ಓಟೂ ಇರಲಿಲ್ಲವಲ್ಲ ಗೌಡರೇ," ಎಂದರು. "ನೀವು ಮಾತಾಡಿದ್ದರೆ ಮಾತ್ರ ಕಾರ್ತಿಕದೊಳಗೆ ಕಂದಕ ತೋಡಿಬಿಡುತ್ತಿದ್ದರೇ?"

"ತೋಡ್ತಿರಲಿಲ್ಲ," ಎಂದರು ಇವರು. "ಆದ್ರೆ ಅವನಿಗೆ ನಿಜ ಹೇಳಿದ್ದಿದ್ರೆ, ಅವನು ಜೋಡಿ ಕೂರ್ತಿದ್ದ."

ಅಧ್ಯಕ್ಷರಿಗೆ ಅದು ಅರ್ಥವಾಗಲಿಲ್ಲ. ಇವರು ಬಿಡಿಸಿ ಹೇಳಲೂ ಇಲ್ಲ. ನೀವಾದರೂ ಬುದ್ಧಿ ಹೇಳಿ ಅಮ್ಮ ಎಂದು ಅವರು ನನ್ನ ಕಡೆ ತಿರುಗಿದರು. ಇವರು ನಿಲ್ಲಲಿ ಎಂದು ಅವರಿಗಿಂತ ಹೆಚ್ಚಾಗಿ ಹಂಬಲಿಸಿದವಳು ನಾನು. ಆದರೂ ಆ ಮನುಷ್ಯನ ಕತ್ತು ನನ್ನ ಕಡೆ ತಿರುಗಿದ ರೀತಿ ನೋಡಿ ಮೈ ಉರಿಯಿತು. ಕಾಫಿ ಆರುತ್ತಿದೆ, ಕುಡಿಯಿರಿ ಎಂದೆ.

ಪಕ್ಷದವರು ಒಬ್ಬ ವಕೀಲನನ್ನು ನಿಲ್ಲಿಸಿದರು. ಒಳ್ಳೆಯ ಹುಡುಗನೇ. ಇವರ ಮುಖ ನೋಡಿ ಜನ ಆ ಸಲ ಗೆಲ್ಲಿಸಿದರು. ಆಮೇಲೆ ವೀಳ್ಯ ಹಿಡಿದು ಅವನ ಮನೆಗೆ ಹೋದರು. ಅವನು ಎಲ್ಲರಿಂದಲೂ ಇಸಿದುಕೊಂಡು, ಅಲ್ಲೇ ಬಾಯಿಗೆ ಹಾಕಿಕೊಂಡು, ಅಗಿಯುತ್ತಾ ಅರ್ಜಿ ಬರೆಸಿಕೊಂಡು ಬನ್ನಿ ಎಂದನಂತೆ. ಹಿರಿಯರು ಅವನ ಬಾಯಿಯನ್ನೇ ನೋಡುತ್ತ ನಿಂತು ವಾಪಸು ಬಂದರು. ಅದರ ಮುಂದಿನ ಚುನಾವಣೆಯಲ್ಲಿ ನಮ್ಮ ತಾಲ್ಲೂಕು ಬಿಳಿ ಟೋಪಿಯವರ ಪಾಲಾಯಿತು, ಹುಣಸೂರೂ ಪಿರಿಯಾಪಟ್ಟಣವೂ ಕೃಷ್ಣರಾಜನಗರವೂ ಹಿಂದೆಯೇ ಹೋದವು. ಒಬ್ಬ ಮುದುಕನ ಹಟದಿಂದ ಪಕ್ಷ ಮುಳುಗಿತು ಎಂದು ಅಧ್ಯಕ್ಷರು ಮೈಸೂರಿನಲ್ಲಿ ಹೇಳಿಕೊಂಡು ತಿರುಗಿದರು. ಹೇಳಿಕೊಳ್ಳಲಿ. ತಾವು ಅವತ್ತು ಕತ್ತು ತಿರುಗಿಸಿದ್ದನ್ನು ಅವರು ಯಾರಿಗೂ ಹೇಳಿರಲಾರರು.

ಇವರು ಬಿಟ್ಟ ವರ್ಷವೇ, ದಸರೆಗೆ ಮೊದಲು, ಆ ಒಕ್ಕಲಿನವನ ಹೆಂಡತಿ ಬಂದಳು. ಒಬ್ಬಳೇ. ಗೆಣಸಿನ ಮಂಕರಿ ಇಳಿಸಿ, ಸೆರಗಿನ ಗಂಟಿನಿಂದ ಎರಡು ಎಲೆ ಒಂದು ಅಡಿಕೆ ತೆಗೆದು ಹಿಡಿದಳು. "ಓದ್ಸಲ ನೀವು ಯೇಳಿದ್ರಿ. ಸರ್ಕಾರಕ್ಕೆ ಕೇಳಿಸ್ಲಿಲ್ವೇನೋ. ಇನ್ನೊಂದ್ಸಲ ಯೇಳಿ ಬುದ್ಧೀ," ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ನಾನು ಸಭೆ ಬಿಟ್ಟಿದ್ದೇನಮ್ಮ ಎಂದರು ಇವರು. ಅವಳು ಹಿಡಿದ ಕೈ ಇಳಿಸಲಿಲ್ಲ. ಸಭೆ ಎಂದರೇನೆಂದು ಅವಳಿಗೆ ಸರಿಯಾಗಿ ಗೊತ್ತೂ ಇರಲಿಲ್ಲ, ಗೊತ್ತಿದ್ದುದು ಇವರ ಕೈ. ಯಜಮಾನರು ಕಂಬ ಹಿಡಿದು ಎದ್ದು ನಿಂತರು.

"ಆ ವರ್ಷ ನಾನು ಹೇಳಲಿಲ್ಲ ಕಣಮ್ಮ. ಆನೆ ಮಾತು ಆಡಲೇ ಇಲ್ಲ."

ಎಲೆ ಹಿಡಿದ ಅವಳ ಕೈ ನಿಧಾನಕ್ಕೆ ಕೆಳಗಿಳಿಯಿತು. ಆಮೇಲೆ ಎದುರಿನ ಚಾಪೆಯ ಕಡೆ ನೋಡಿದಳು. ಅವತ್ತು ಗಂಡ ಕೂತಿದ್ದ ಜಾಗ ಅದು.

"ಅಂಗಾರೆ ಅವ್ನು ನಿಮ್ಮ ಜೊತೇಲಿ ಇಲ್ಲಿ ಕೂತ್ಕೊಂಡು ಅಗಿದನಲ್ಲ ಬುದ್ಧೀ, ಅದು ಯಾತರ ವೀಳ್ಯ?"

ಅವಳು ಕಾದಳು. ನಿಜವಾಗಿಯೂ ಉತ್ತರಕ್ಕೇ ಕಾದಳು. ಆಮೇಲೆ ಎಲೆ ಅಡಿಕೆಯನ್ನು ಸೆರಗಿಗೆ ಗಂಟು ಹಾಕಿಕೊಂಡು, ಮಂಕರಿ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು. ನಾನು ಬೀದಿಯ ತಿರುವಿನವರೆಗೂ ಹೋಗಿ ಕರೆದೆ, ತಿರುಗಿ ನೋಡಲಿಲ್ಲ.

ಆಮೇಲೆ ಯಜಮಾನರು ಹೆಚ್ಚು ವರ್ಷ ಇರಲಿಲ್ಲ. ನಮ್ಮಲ್ಲಿ ಸತ್ತವರ ಬಾಯಿಗೆ ಎಲೆ ಅಡಿಕೆ ಕುಟ್ಟಿ ಇಡುತ್ತಾರೆ. ಅವತ್ತು ನಾಲ್ಕು ತಾಲ್ಲೂಕಿನ ಜನ ಅಂಗಳದಲ್ಲಿ ಸೇರಿದ್ದರು, ಪಕ್ಷದವರು ದೊಡ್ಡ ಹಾರ ಕಳಿಸಿದ್ದರು. ಆ ಗುಂಪಿನಲ್ಲಿ ನಾನು ಒಂದೇ ಮುಖ ಹುಡುಕಿದೆ. ಅವಳು ಬರಲಿಲ್ಲ. ಮೈದುನ ಕುಟ್ಟಿದ ವೀಳ್ಯವನ್ನು ಅದೇ ಹಿತ್ತಾಳೆ ತಟ್ಟೆಯಲ್ಲಿ ಹಿಡಿದುಕೊಂಡು ಬಂದ. ನಾನು ಕೈ ಅಡ್ಡ ಹಿಡಿದೆ. ಅತ್ತಿಗೆ, ಪದ್ಧತಿ ಬಿಡಬಾರದು ಎಂದು ಅವನು ಅಂಗಲಾಚಿದ, ಹಿರಿಯರು ಬೈದರು. ನಾನು ಕೈ ತೆಗೆಯಲಿಲ್ಲ. ಬರಿಯ ಬಾಯಲ್ಲೇ ಕಳಿಸಿಕೊಟ್ಟೆವು.